ಬೆಳವ ಹಾರಿದ ದಿಕ್ಕು

(ಚಿಕ್ಕಮಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ನಿಸರ್ಗ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆಯಿಂದ ಬೆಟ್ಟ ಹತ್ತಿ ಇಳಿದು ಬಂದಿದ್ದೀರಿ. ಬಾಟಲಿಗಳೆಲ್ಲ ಖಾಲಿ. ನೀರಿನ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಕ್ಕಲಾರದು. ಕಾಡಿನಲ್ಲಿ ನೀರು ಮುಗಿದಾಗ ಪ್ರಾಣಿ ಪಕ್ಷಿಗಳ ನಡವಳಿಕೆ ನೋಡಿ ನೀರಿನ ಜಾಡು ಹಿಡಿಯುವುದು ಹೇಗೆ ಅಂತ ಹೇಳಬೇಕೆಂದು ಶಿಬಿರದವರು ಕೇಳಿದ್ದಾರೆ.

ನಾನು ಹುಟ್ಟಿದ್ದು ಕಡೂರು ಕಡೆ, ಕುರಿ ಮೇಯಿಸುವವರ ಮನೆಯಲ್ಲಿ. ಆಮೇಲೆ 30 ವರ್ಷ ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ನಮ್ಮ ಜಿಲ್ಲೆ ಒಂದೇ ಆದರೂ ಶೃಂಗೇರಿ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಕಡೂರಿನಲ್ಲಿ 600ರ ಆಸುಪಾಸು. ಹಾಗಂತ ಮಲೆನಾಡಿನಲ್ಲಿ ಬಾಯಾರುವುದಿಲ್ಲ ಅಂದುಕೊಳ್ಳಬೇಡಿ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಏಣಿನ ಮೇಲೆ ಮಾರ್ಚ್ ತಿಂಗಳಲ್ಲಿ ಹುಲ್ಲೆಲ್ಲ ಒಣಗಿ ನಿಂತಿರುತ್ತದೆ. ನೀರು ಇರುವುದು ಕೆಳಗೆ, ಎರಡು ಗುಡ್ಡಗಳ ಸಂದಿನ ಶೋಲಾ ಕಾಡಿನಲ್ಲಿ.

ಪ್ರಾಣಿ ಕಂಡಿತು, ಇನ್ನೇನು ನೀರು ಹತ್ತಿರದಲ್ಲೇ ಇದೆ ಅನ್ನುವವರನ್ನು ಬಹಳ ನೋಡಿದ್ದೇನೆ. ಅದು ತಪ್ಪು. ಅದು ಏನು ತಿಂದು ಬದುಕುತ್ತದೆ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಹದ್ದು, ಗಿಡುಗಗಳಿಗೆ ತಿನ್ನುವ ಮಾಂಸದಲ್ಲೇ ಬೇಕಾದಷ್ಟು ನೀರು ಸಿಗುತ್ತದೆ. ಮೊಲ ಎಳೆ ಸೊಪ್ಪು, ಇಬ್ಬನಿಯಲ್ಲಿ ದಿನ ದೂಡುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಅನ್ನುವ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಒಣ ಬಯಲಿಗೆ ಒಗ್ಗಿಕೊಂಡ ಜೀವ ಅದು, ಅದರ ಹಿಂದೆ ಹೋದರೆ ನೀವು ಬಸವಳಿಯುತ್ತೀರಿ. ಮಿಂಚುಳ್ಳಿಯಲ್ಲೂ ಬೇಧವಿದೆ. ಎದೆ ಬೆಳ್ಳಗಿರುವ ದೊಡ್ಡ ಜಾತಿಯದು ಮಿಡತೆ, ಹಲ್ಲಿ ತಿಂದುಕೊಂಡು ನೀರಿನಿಂದ ಎಷ್ಟೋ ದೂರದಲ್ಲಿ ಇರಬಲ್ಲದು. ಪುಟ್ಟ ನೀಲಿ ಮಿಂಚುಳ್ಳಿ ಕಂಡರೆ ಮಾತ್ರ ನಿಂತು ನೋಡಿ, ಅದು ಮೀನು ಹಿಡಿಯುವ ಹಕ್ಕಿ.

ನಂಬಬೇಕಾದದ್ದು ಕಾಳು ತಿನ್ನುವ ಹಕ್ಕಿಗಳನ್ನು. ಬೆಳವ, ರಾಟವಾಳ, ಗೀಜಗ. ಒಣ ಕಾಳು ತಿಂದು ನೀರಿಲ್ಲದೆ ಅವಕ್ಕೆ ನಡೆಯುವುದಿಲ್ಲ. ಬೆಳವ ನೀರು ಕುಡಿಯುವುದನ್ನು ಹತ್ತಿರದಿಂದ ನೋಡಿದ್ದೀರಾ? ಕೋಳಿಯ ಹಾಗೆ ಗುಟುಕು ತೆಗೆದುಕೊಂಡು ತಲೆ ಎತ್ತುವುದಿಲ್ಲ. ಕೊಕ್ಕು ಅದ್ದಿ ಒಂದೇ ಸಮನೆ ಹೀರುತ್ತದೆ, ಹೀರಿದ ತಕ್ಷಣ ಹಾರಿಬಿಡುತ್ತದೆ. ಇಳಿಹೊತ್ತಿನಲ್ಲಿ ಒಂದೊಂದಾಗಿ, ಎರಡೆರಡಾಗಿ ಬೆಳವಗಳು ಎಲ್ಲೂ ಕೂರದೆ ತಗ್ಗಾಗಿ ಒಂದೇ ದಿಕ್ಕಿಗೆ ಹಾರುತ್ತಿದ್ದರೆ ಆ ದಿಕ್ಕನ್ನು ಗುರುತಿಟ್ಟುಕೊಳ್ಳಿ. ಕುಡಿದು ಬರುವಾಗ ಅವಕ್ಕೆ ಆ ಅವಸರ ಇರುವುದಿಲ್ಲ, ಮರದಿಂದ ಮರಕ್ಕೆ ಕೂತು ಬರುವುದನ್ನು ನಾನು ಎಷ್ಟೋ ಸಂಜೆ ನೋಡಿದ್ದೇನೆ. ಜೀವಿ ನೀರಿಗೆ ಹೋಗುತ್ತಿದೆಯೋ, ಅಲ್ಲಿಂದ ಬರುತ್ತಿದೆಯೋ ಅನ್ನುವುದು ತಿಳಿಯದಿದ್ದರೆ ಉಳಿದ ಯಾವ ಗುರುತೂ ಪ್ರಯೋಜನಕ್ಕೆ ಬರುವುದಿಲ್ಲ. ನನಗೆ ಗೊತ್ತಿರುವ ವಿದ್ಯೆ ಇಷ್ಟೇ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಹಕ್ಕಿಗೆ ದಿಕ್ಕು ಆದರೆ, ಹಂದಿ ಕಡವೆಗಳಿಗೆ ಕೆಸರು. ಕೆಸರಿನಲ್ಲಿ ಹೊರಳಾಡಿ ಎದ್ದ ಪ್ರಾಣಿ ದಾರಿಯುದ್ದಕ್ಕೂ ಮೈ ಒರೆಸಿಕೊಂಡು ಹೋಗುತ್ತದೆ. ಲಂಟಾನದ ಪೊದೆ ಎದುರಾದಾಗ ಎಲೆಗಳನ್ನು ನೋಡಿ. ಪ್ರಾಣಿ ಬಂದ ಕಡೆಯ ಎಲೆಗಳ ಮೇಲೇ ಕೆಸರು ಹೆಚ್ಚು ಹತ್ತಿರುತ್ತದೆ. ಬೆರಳಿನಲ್ಲಿ ಉಜ್ಜಿ. ಹುಡಿಯಾಗಿ ಉದುರಿದರೆ ಹಳೆಯದು, ಅಂಟಿದರೆ ಇವತ್ತಿನದು. ಪ್ರಾಣಿ ಬಂದ ಆ ಕಡೆಗೇ ಹೋದಂತೆ ಕೆಸರು ದಪ್ಪವಾಗುತ್ತಾ ಹೋದರೆ ನೀವು ಸರಿಯಾದ ಕಡೆಗೇ ನಡೆಯುತ್ತಿದ್ದೀರಿ. ಕೆಸರು ಮರದ ಮೇಲೆ ನಿಮ್ಮ ತಲೆಗಿಂತ ಎತ್ತರದಲ್ಲಿದ್ದು, ಇನ್ನೂ ಹಸಿಯಾಗಿದ್ದರೆ ಅದು ಆನೆ. ಅಲ್ಲಿಂದಲೇ ಹಿಂದಿರುಗಿ. ಮೂಡಿಗೆರೆ, ಸಕಲೇಶಪುರ, ಆಲೂರಿನವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಆನೆ ದಿನಕ್ಕೆ 100ರಿಂದ 200 ಲೀಟರ್ ನೀರು ಕುಡಿಯುತ್ತದೆ. ಹಳ್ಳ ಬತ್ತಿದಾಗ ಕಾಲಿನಿಂದ, ಸೊಂಡಿಲಿನಿಂದ ಮರಳು ತೋಡಿ ಚಿಲುಮೆ ಮಾಡುತ್ತದೆ. ಅದು ಹೋದ ಮೇಲೆ ಆ ಗುಂಡಿಗೆ ಎಷ್ಟೋ ಜೀವಗಳು ಬರುತ್ತವೆ. ಲದ್ದಿ ಒಣಗಿ, ಆನೆ ಹೋಗಿ ಒಂದೆರಡು ದಿನವಾಗಿದೆ ಅಂತ ಖಾತ್ರಿಯಾದರೆ ಮಾತ್ರ ನೀವೂ ಹೋಗಬಹುದು. ಗದ್ದೆ ಬಯಲಿನಲ್ಲಿ, ತೊರೆಯ ದಂಡೆಯಲ್ಲಿ ಏಡಿಯ ಬಿಲ ನೋಡಿ. ಬಾಯಲ್ಲಿ ಹಸಿ ಮಣ್ಣಿನ ಸಣ್ಣ ಸಣ್ಣ ಉಂಡೆಗಳಿದ್ದರೆ ಕೆಳಗೆ ತೇವ ದೂರವಿಲ್ಲ. ಮಲೆನಾಡಿನ ಕೊಲ್ಲಿಗಳಲ್ಲಿ, ಹುಡುಗನೊಬ್ಬ ಸುಮ್ಮನೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಕೂಗುವ ಕಪ್ಪು ನೀಲಿ ಹಕ್ಕಿ ಇದೆ, ಅದು ತೊರೆಯ ಬಂಡೆಗಳನ್ನು ಬಿಟ್ಟು ಬಹಳ ದೂರ ಹೋಗುವುದಿಲ್ಲ.

ಇದೆಲ್ಲ ಹೊಸ ವಿದ್ಯೆಯೂ ಅಲ್ಲ. 6ನೇ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ನೆಲದಡಿಯ ನೀರಿಗೆಂದೇ ಒಂದು ಅಧ್ಯಾಯ ಬರೆದಿದ್ದಾನೆ. ನೇರಳೆ ಮರದ ಪೂರ್ವಕ್ಕೆ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಎನ್ನುತ್ತಾನೆ. ಗೆದ್ದಲಿಗೆ ತೇವ ಬೇಕೇ ಬೇಕು, ಹಾಗಾಗಿ ಆ ಮಾತಿನ ಹಿಂದೆ ಗಮನವಿಟ್ಟು ನೋಡಿದ ಕಣ್ಣಿದೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ಬಾವಿ ತೋಡುವವನಿಗೆ ಹೇಳಿದ್ದು. ನಾಲಿಗೆ ಒಣಗಿ ನಿಂತವನಿಗೆ ಎರಡಾಳು ಅಗೆಯುವ ಶಕ್ತಿ ಎಲ್ಲಿರುತ್ತದೆ?

ಎರಡು ಎಚ್ಚರಿಕೆ. ಪ್ರಾಣಿ ಕುಡಿದ ನೀರು ನಮಗೂ ಒಳ್ಳೆಯದು ಅಂದುಕೊಳ್ಳಬೇಡಿ. ಅದೇ ನೀರಿಗೆ ಅವುಗಳ ಮೂತ್ರವೂ ಸೇರಿರುತ್ತದೆ, ಇಲಿಜ್ವರ ಬರುವುದು ಹಾಗೆಯೇ. ಕುದಿಸಿ ಕುಡಿಯಿರಿ. ಇನ್ನೊಂದು, ನಮ್ಮ ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ, ಅಂದರೆ ಉಣುಗಿನಿಂದ. ಬೇಸಿಗೆಯಲ್ಲಿ ಪ್ರಾಣಿಗಳ ಜಾಡಿನಲ್ಲಿ ತರಗೆಲೆಯ ಮೇಲೆ ಕೂರಬೇಡಿ.

ಕೊನೆಯದಾಗಿ ನಮ್ಮಪ್ಪ ತೋರಿಸಿದ್ದನ್ನು ಹೇಳುತ್ತೇನೆ. ನನಗಾಗ ಹನ್ನೊಂದು ವರ್ಷವಿರಬೇಕು. ಏಪ್ರಿಲ್ ತಿಂಗಳು, ಗೋಕಟ್ಟೆಯ ತಳ ಬಿರಿದಿತ್ತು. ನನ್ನ ಕೈಯಿಂದ ಸೋರೆಬುರುಡೆ ಜಾರಿ ಬಂಡೆಗೆ ಬಿದ್ದು ಒಡೆಯಿತು, ಇದ್ದ ನೀರೆಲ್ಲ ಮಣ್ಣುಪಾಲು. ಊರು ಎರಡು ಹರದಾರಿ. ಅಪ್ಪ ಬಯ್ಯಲಿಲ್ಲ. ಜಾಲಿಮರದ ಕೆಳಗೆ ಕೂತು ಸುಮ್ಮನೆ ನೋಡುತ್ತಿದ್ದ. ನಾನು ಅಳುತ್ತಾ, "ಊರಿಗೆ ಹೋಗಾನ ನಡಿಯಪ್ಪಾ" ಅಂದೆ.

"ತಡಿಯೋ ಮಗ. ಆ ಜೇನುಹುಳ ನೋಡು. ಆ ಕಡೆ ಒಂದು ಹೂವಿಲ್ಲ, ಮತ್ತೆ ಯಾಕೆ ಹೋಗ್ತಾವೆ ಹೇಳು?"

ಒಂದರ ಹಿಂದೆ ಒಂದು, ಮೊಣಕಾಲೆತ್ತರದಲ್ಲಿ ಹೋಗುತ್ತಿದ್ದವು. ಬೇಸಿಗೆಯಲ್ಲಿ ಜೇನು ಗೂಡಿನೊಳಗೆ ನೀರು ಹಚ್ಚಿ ರೆಕ್ಕೆ ಬೀಸಿ ತಂಪು ಮಾಡಿಕೊಳ್ಳುತ್ತದೆ ಅಂತ ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಪ್ಪನಿಗೆ ಆ ಕಾರಣ ಗೊತ್ತಿತ್ತೋ ಇಲ್ಲವೋ, ದಾರಿ ಗೊತ್ತಿತ್ತು. ಹಿಂದೆ ಹಿಂದೆ ಹೋದೆವು. ಹಾಸುಬಂಡೆಯ ಒಂದು ಬಿರುಕು, ಅದರ ತುಂಬ ಪಾಚಿ, ಪಾಚಿಯ ಮೇಲೆ ತಲೆ ಬಗ್ಗಿಸಿ ಸಾಲಾಗಿ ಕೂತ ಹುಳಗಳು. ಅಪ್ಪ ಕುಡುಗೋಲಿನ ತುದಿಯಿಂದ ಒಂದು ಬದಿಯಲ್ಲಿ ಮಾತ್ರ ಮಣ್ಣು ಕೆದರಿದ. ಒರತೆ ಅಂಗೈಯಷ್ಟು ತುಂಬಲು ಬಹಳ ಹೊತ್ತು ಹಿಡಿಯಿತು. ಟವೆಲಿನ ಚುಂಗು ಅದ್ದಿ ನನ್ನ ಬಾಯಿಗೆ ಹಿಂಡಿದ. ಮೂರು ಸಲ ನನಗೆ, ಒಂದು ಸಲ ಅವನಿಗೆ. ಆಮೇಲೆ ಜಾಲಿಯ ಒಣ ಕಡ್ಡಿಯೊಂದನ್ನು ಮುರಿದು, ಆ ಗುಂಡಿಗೆ ಓರೆಯಾಗಿ ಇಟ್ಟ. ಹುಳ ಬಿದ್ದು ಸಾಯದೆ ಕೂತು ಕುಡಿಯಲಿ ಅಂತ.

ಮಾರನೆಯ ದಿನ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದಾಗ ನಾನು ಓಡಿ ಹೋಗಿ ನೋಡಿದೆ. ಕಡ್ಡಿ ಕಾಣದಷ್ಟು ಜೇನು ಕೂತಿತ್ತು.