ಆಟದ ಕೋರ್ಟು ಬರಲಿ, ಜೆಸಿಬಿಗಿಂತ ಮೊದಲು ಕಾಗದ ಬರಲಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಶೀಟಿನ ಸದ್ದಿಗೆ ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಜೋರಾಗಿ ಹೇಳುತ್ತೇನೆ.

ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಆಟ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. 1997ರಲ್ಲಿ ನಮ್ಮ ಕೊಡಗಿನ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾಯಿತಲ್ಲ, ಅದು ಈಗ ಎಷ್ಟು ದೊಡ್ಡದಾಗಿದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಟೆನಿಸ್ ಡಬಲ್ಸ್ ಗೆದ್ದರು. ಇಂಥ ಜಿಲ್ಲೆಯ ಮಕ್ಕಳಿಗೆ ಕೋರ್ಟು ಬೇಕೇ ಬೇಕು. ಆದರೆ ಮನೆಗಳ ಪಕ್ಕ ಬರುವಾಗ ಆ ಮನೆಯವರನ್ನು ಯಾವಾಗ ಕೇಳುತ್ತಾರೆ? ಅದನ್ನು ಮಾತಾಡಲೆಂದೇ ಇವತ್ತು ಬಂದೆ.

ನಮ್ಮ ಕಾಲದ ಕೋರ್ಟು ಅಂದರೆ ಕಾಫಿ ಕಣ. ಜನವರಿಯಿಂದ ಮಾರ್ಚ್‌ವರೆಗೆ ಕಾಫಿ ಒಣಗುತ್ತಿರುತ್ತದೆ, ಕಾಲಿಡುವ ಹಾಗಿಲ್ಲ. ಮಳೆಗಾಲದಲ್ಲಿ ಪಾಚಿ. ಉಳಿದ ದಿನ ಸುಣ್ಣದಲ್ಲಿ ಗೆರೆ ಎಳೆದು, ಹಗ್ಗ ಕಟ್ಟಿ ಶಟಲ್ ಆಡುತ್ತಿದ್ದೆವು. ಕಣದ ಆಚೆ ಬದಿಯಲ್ಲಿ ಒಬ್ಬರು ಅಜ್ಜಿಯ ಮನೆ. ಗೆರೆ ಎಳೆಯುವ ಮೊದಲು ಅಪ್ಪ ನಮ್ಮನ್ನು ಅಲ್ಲಿಗೆ ಕಳಿಸಿದರು, ಅಜ್ಜಿಯನ್ನು ಕೇಳಿ ಬನ್ನಿ ಅಂತ. ಅಜ್ಜಿ ಎಲೆಯಡಿಕೆ ಹಾಕುತ್ತಾ ತುಂಬಾ ಹೊತ್ತು ಯೋಚನೆ ಮಾಡಿ, ದೀಪ ಹಚ್ಚಿದ ಮೇಲೆ ಆಟ ಬೇಡ, ನನ್ನ ಮಾಡು ಹತ್ತಬೇಡಿ ಅಂದರು. ಮೊದಲನೆಯದನ್ನು ಪಾಲಿಸಿದೆವು. ಎರಡನೆಯದು ಎರಡೇ ದಿನಕ್ಕೆ ಮುರಿಯಿತು, ಜೊತೆಗೆ ಹೆಂಚೂ ಮುರಿಯಿತು. ಒಂದು ವಾರ ಅವರ ಮನೆಗೆ ಸೌದೆ ಹೊತ್ತೆವು. ಆಮೇಲೆ ನೋಡಿ, ಅಜ್ಜಿ ಜಗಲಿಯಲ್ಲಿ ಕೂತು ನಮಗಿಂತ ಮೊದಲು "ಔಟ್!" ಅಂತ ಕೂಗಲು ಶುರು ಮಾಡಿದರು. ಗೆರೆ ಒಳಗೆ ಬಿದ್ದರೂ ಔಟೇ. ಯಾರೂ ಎದುರಾಡುತ್ತಿರಲಿಲ್ಲ. ಮೊದಲೇ ಕೇಳಿದ್ದೆವಲ್ಲ, ಅದಕ್ಕೇ ಅದು ಅವರ ಕಣವೂ ಆಯಿತು.

ಈಗ ಎರಡು ವರ್ಷದ ಹಿಂದಿನ ಮಾತು. ನಮ್ಮ ಮನೆ ಹತ್ತಿರ ಮಾರ್ಚಿನ ಒಂದು ಬೆಳಿಗ್ಗೆ ಜೆಸಿಬಿ ಬಂತು, ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಜಾಗ ಮಟ್ಟ ಮಾಡಿದರು. ಯಾರೋ ಮನೆ ಕಟ್ಟುತ್ತಾರೆ ಅಂದುಕೊಂಡೆವು. ಮೇ ತಿಂಗಳಲ್ಲಿ ದೊಡ್ಡ ಲೈಟಿನ ಕಂಬಗಳು ನಿಂತಾಗಲೇ ಟರ್ಫ್, ಕೃತಕ ಹುಲ್ಲಿನ ಆಟದ ಅಂಕಣ, ಅಂತ ಗೊತ್ತಾದದ್ದು. ವಿಚಾರಿಸಿದರೆ, ಅನುಮತಿ ಇದೆ, ಈಗ ಬಂದು ಕೇಳಿದರೆ ಹೇಗೆ ಅಂದರು. ಮೊದಲು ಯಾರು ಹೇಳಿದ್ದರು ನಮಗೆ? ಜುಲೈಯಲ್ಲಿ ಟರ್ಫಿನ ನೀರೆಲ್ಲ ಕೆಳಗಿನ ಮನೆಯ ಅಂಗಳಕ್ಕೆ ಇಳಿಯಿತು. ಆ ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದರು. ರಾತ್ರಿ ಹನ್ನೊಂದೂವರೆಗೂ ಅವರ ಕಿಟಕಿಯಲ್ಲಿ ಬೆಳಕು. ಆಡುವ ಹುಡುಗರು ಒಳ್ಳೆಯವರು, ಅರ್ಧ ಜನ ನನ್ನ ಶಿಷ್ಯರೇ. ಕೆಳಗೆ ಯಾರು ಮಲಗಿದ್ದಾರೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬರೆ ಕಡಿಯುವುದು ನಮ್ಮಲ್ಲಿ ಸಣ್ಣ ವಿಷಯವಲ್ಲ. ಗುಡ್ಡಗಳು ಕುಸಿದ 2018ರ ಆಗಸ್ಟ್ ಈ ಸಭೆಯಲ್ಲಿ ಯಾರೂ ಮರೆತಿಲ್ಲ, ಅದನ್ನು ಮತ್ತೆ ಬಿಡಿಸಿ ಹೇಳಲಾರೆ. ನೀರು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆಯಲ್ಲಿ ತೋರಿಸದೆ ಗುಡ್ಡದ ಮೇಲೆ ಕೋರ್ಟಿಗೆ ಒಪ್ಪಿಗೆ ಕೊಡಬಾರದು.

ಕಾನೂನು ಇಲ್ಲವೇ? ಇದೆ. ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಕನ್ವರ್ಷನ್, ಅಂದರೆ ಬೇರೆ ಬಳಕೆಗೆ ಭೂಪರಿವರ್ತನೆ, ಆಗಬೇಕು. ಹಳ್ಳಿಯಲ್ಲಿ ಕಟ್ಟಡಕ್ಕೆ ಪಂಚಾಯ್ತಿ ಪರವಾನಗಿ ಬೇಕು, ಅದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಸದ್ದಿನ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45.

ಹಾಂ, ಪಿಕಲ್‌ಬಾಲ್ ಅನ್ನುವ ಆಟದ ಮಾತೂ ಇದೆ! ಅದರ ಕೋರ್ಟೂ ಬ್ಯಾಡ್ಮಿಂಟನ್ ಕೋರ್ಟೂ ಒಂದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ಗೆರೆ ಬದಲಿಸಿ ನೆಟ್ ಕೆಳಗಿಳಿಸಿದರೆ ಆಯಿತು. ಆದರೆ ಶಟಲ್ಲಿನ ಸದ್ದು ಬೇರೆ, ಗಟ್ಟಿ ಬ್ಯಾಟಿಗೆ ಪ್ಲಾಸ್ಟಿಕ್ ಚೆಂಡು ಟಕ್ ಟಕ್ ಅಂತ ಬಡಿಯುವುದೇ ಬೇರೆ. ಪರವಾನಗಿಯಲ್ಲಿ ಸುಮ್ನೆ "ಕ್ರೀಡಾ ಅಂಕಣ" ಅಂತ ಬರೆದರೆ ಸಾಲದು ಅಲ್ವಾ? ಯಾವ ಆಟ, ಎಷ್ಟು ಗಂಟೆವರೆಗೆ, ಲೈಟು ಯಾವ ಕಡೆಗೆ, ಎಲ್ಲ ಅದರಲ್ಲೇ ಬರಬೇಕು. ಅದಕ್ಕೂ ಮೊದಲು ಅಜ್ಜಿಯನ್ನು ಕೇಳಬೇಕು.

ಸಮಯ ಆಯಿತು ಅಂತ ಚೀಟಿ ಬಂದಿದೆ. ಪಾರ್ಕಿಂಗ್, ಬಲೆಯ ಎತ್ತರ, ಅವೆಲ್ಲ ಬಿಡುತ್ತೇನೆ. ಇದೊಂದು ಹೇಳಲೇಬೇಕು. ಆಕ್ಷೇಪಣೆಯನ್ನು ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು, ಅಲ್ಲಿ ಎದ್ದು ಕೇಳಿ. ಕೋರ್ಟು ಮಾಡಬೇಕೆಂದಿರುವ ಇಬ್ಬರು ಹುಡುಗರು ಇಲ್ಲೇ ಕೂತಿದ್ದಾರೆ, ನಕ್ಷೆ ತಂದಿದ್ದಾರೆ. ಕೆಲಸ ಇನ್ನೂ ಶುರುವಾಗಿಲ್ಲ. ಕಾಫಿ ಕುಡಿಯುತ್ತಾ ಆ ಮೇಜಿನ ಹತ್ತಿರ ಬನ್ನಿ, ನಿಮ್ಮ ನಿಮ್ಮ ಮನೆ ಅದರಲ್ಲಿ ಎಲ್ಲಿ ಬರುತ್ತದೆ ಅಂತ ಪೆನ್ಸಿಲಲ್ಲಿ ಗುರುತು ಹಾಕಿ ಕೊಡೋಣ.