ಒಂದು ಮೊಟ್ಟೆಗೆ ಎಫ್ ಇದೆ, ಆರಕ್ಕೆ ಇಲ್ಲ

ಶನಿವಾರ ಬೆಳಿಗ್ಗೆ. ಊರು ಫ್ರಾನ್ಸಿನ ಲಿಯೋಂ. ಕಾಣಿಸ್ತಾ ಇದೆಯಲ್ಲ, ಅದು ಸೋನ್ ನದಿ. ಬರೆಯುವಾಗ ಎಸ್, ಎ, ಓ, ಎನ್, ಇ. ನಡುವಿನ ಆ 'ಎ' ಸುಮ್ನೆ ಕೂತಿರುತ್ತದೆ, ಬಾಯೇ ಬಿಡುವುದಿಲ್ಲ. ಊರಿನ ಇನ್ನೊಂದು ನದಿ ರೋನ್. ಅದರಲ್ಲಿ 'ಎಚ್' ಮೂಕ. ಹೆಸರಲ್ಲೇ ಮೋಸ ಮಾಡುವ ಎರಡು ನದಿ ಸೇರುವ ಊರಿಗೆ ಬಂದು ಒಂದೂವರೆ ವರ್ಷವಾಯಿತು.

ಕೈಯಲ್ಲಿರುವುದು ನನ್ನ ನೋಟ್‌ಬುಕ್. ಕಿವಿಗೆ ಬಿದ್ದ ಫ್ರೆಂಚ್ ಪದವನ್ನೆಲ್ಲ ಇದರಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನಮ್ಮ ಅಕ್ಷರದಲ್ಲಿ ಬರೆದರೆ ತಪ್ಪೇ ಆಗಲ್ಲ ಅಂತ ಆಗ ಬಹಳ ಧೈರ್ಯವಿತ್ತು.

ಬನ್ನಿ, ಮೊದಲು ಮೊಟ್ಟೆ. ಒಂದು ಮೊಟ್ಟೆ ಕೇಳಿದರೆ ಕೊನೆಗೆ 'ಫ್' ಚೆನ್ನಾಗಿ ಕೇಳಿಸುತ್ತದೆ. ಹೆಚ್ಚುಕಮ್ಮಿ 'ಅಂ ನಫ್'. ಆರು ಮೊಟ್ಟೆ ಕೇಳಿ ನೋಡಿ, 'ಸೀಝೊ'. ಬಹುವಚನದ ಎಸ್ ಬಂದು ಕೂತಿತು ಅಂದರೆ ಎಫ್ ಎದ್ದು ಹೋಯಿತು. ಹೋಗಲಿ, ಬಂದ ಎಸ್ ಆದರೂ ಮಾತಾಡುತ್ತದಾ? ಅದೂ ಇಲ್ಲ. ಆ ಕೊನೆಯ ಸ್ವರ ನಿಜವಾಗಿ 'ಒ' ಕೂಡ ಅಲ್ಲ. ನಾಲಿಗೆ 'ಎ' ಅನ್ನಬೇಕು, ತುಟಿ 'ಒ' ಅನ್ನಬೇಕು. ಮೊದಲ ತಿಂಗಳು ನಾನು 'ಸೀಸ್ ಅಫ್ಸ್' ಅಂದಿದ್ದೆ. ಅಂಗಡಿಯ ಅಜ್ಜಿ ನಗಲಿಲ್ಲ. ಎರಡು ಮೊಟ್ಟೆ ಡಬ್ಬಿಗಿಟ್ಟು 'ಸೀಝೊ' ಅಂದರು. ಮತ್ತೆರಡು ಇಟ್ಟು 'ಸೀಝೊ'. ಇನ್ನೆರಡು ಇಟ್ಟು ನನ್ನ ಬಾಯಿಯನ್ನೇ ನೋಡುತ್ತಾ ನಿಂತರು. ನಾನು ಹೇಳಿದ ಮೇಲೇ ಡಬ್ಬಿಯ ಮುಚ್ಚಳ ಹಾಕಿದ್ದು.

ಈ ಬೋರ್ಡ್ ನೋಡಿ, ಹಸಿ ಬಟಾಣಿ. ಬಟಾಣಿಗೆ 'ಪ್ವಾ'. ಅದನ್ನು ತಕ್ಕಡಿಗೆ ಹಾಕಿದರೆ ಬರುವ ತೂಕಕ್ಕೂ 'ಪ್ವಾ'. ಬರೆಯುವಾಗ ಮಾತ್ರ ತೂಕಕ್ಕೆ ನಡುವೆ ಒಂದು 'ಡಿ' ಜಾಸ್ತಿ. ಈ 'ಡಿ' ಕಥೆ ನನಗೆ ಬಲು ಇಷ್ಟ. ತೂಕದ ಪದ ಲ್ಯಾಟಿನ್ನಿನ 'ಪೊಂಡುಸ್'ನಿಂದ ಬಂದಿದೆ ಅಂದುಕೊಂಡು ಹಿಂದಿನ ಪಂಡಿತರು ಅದನ್ನು ಸೇರಿಸಿದರು. ನಿಜವಾಗಿ ಅದು ಬಂದಿದ್ದು 'ಪೆನ್ಸುಮ್'ನಿಂದ. ತಪ್ಪು ಗೊತ್ತಾದ ಮೇಲೂ 'ಡಿ' ಜಾಗ ಬಿಟ್ಟು ಕದಲಲಿಲ್ಲ. ಪಕ್ಕದಲ್ಲಿ ಈರುಳ್ಳಿ, 'ಒನ್ಯೋಂ'. ಅದರಲ್ಲಿರುವ ಮೂಕ 'ಐ' ತೆಗೆಯಬಹುದು ಅಂತ 1990ರ ಕಾಗುಣಿತ ಸುಧಾರಣೆಯಲ್ಲೇ ಹೇಳಿದ್ದಾರೆ. ಬೋರ್ಡ್ ಮೇಲೆ ನೋಡಿ, ಆರಾಮಾಗಿ ಕೂತಿದೆ.

ಇದನ್ನೆಲ್ಲ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಓದೋದೇ ಇಲ್ಲ ಅಂದ್ಮೇಲೆ ಯಾಕೆ ಬರೀತಾರೆ? ಇಂಕು ಜಾಸ್ತಿ ಇತ್ತೇನೋ ಕಣೆ" ಅಂದರು.

ಆದರೆ ಫ್ರೆಂಚನ್ನು ಸುಮ್ಮಸುಮ್ಮನೆ ಬೈಯಬಾರದು. ಓದುವುದಕ್ಕೆ ನಿಯಮ ಇದೆ. ನಮ್ಮ ಮೆಟ್ರೋ ಎ ಲೈನಿನ ಕೊನೆಯ ನಿಲ್ದಾಣದ ಹೆಸರನ್ನು ನಾನು 'ವಾಲ್ಕ್ಸ್ ಎನ್ ವೆಲಿನ್' ಅಂತ ಓದಿ, ಬೆಲ್‌ಕೂರ್‌ನಲ್ಲಿ ಮೂವರ ಹತ್ತಿರ ದಾರಿ ಕೇಳಿದ್ದೆ. ಮೂವರಿಗೂ ಅರ್ಥವಾಗಲಿಲ್ಲ. ಕೊನೆಗೆ ಫೋನ್ ತೋರಿಸಿದಾಗ, "ಓ, ವೋ ಆಂ ವ್ಲ್ಯಾಂ!" ಎ ಮತ್ತು ಯು ಜೊತೆಗಿದ್ದರೆ 'ಓ'. ಇದು ಒಂದು ಸಲ ತಲೆಗೆ ಹತ್ತಿದರೆ ನೂರಾರು ಪದ ಓದಬಹುದು. ಕೇಳಿ ಬರೆಯುವುದೇ ಕಷ್ಟ. 'ವೇರ್' ಅಂತ ಕೇಳಿಸಿದರೆ ಹಸಿರೋ, ಗಾಜೋ, ಹುಳವೋ, ಕಡೆಗೆ ಅನ್ನುವುದೋ? ನಾಲ್ಕಕ್ಕೂ ಬೇರೆ ಬೇರೆ ಕಾಗುಣಿತ. ನನ್ನ ನೋಟ್‌ಬುಕ್‌ನಲ್ಲಿ ನಾಲ್ಕೂ ಒಂದೇ.

ಈಗ ಮನೆಗೆ ಬಂದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಮೆಟ್ಟಿಲ ಮೇಲೆ ನಾನು ಪಟ್ಟ ಪಾಡು ಹೇಳಲೇಬೇಕು. ಹೋದ ತಿಂಗಳು ಊರಿಂದ ಸಾರಿನ ಪುಡಿ ಪಾರ್ಸೆಲ್ ಬಂತು. ನಾನು ಮನೆಯಲ್ಲಿರಲಿಲ್ಲ. ತಂದವನು ಫೋನ್ ಮಾಡಿ, 'ದಸೂ' ಮನೆಯವರ ಹತ್ತಿರ ಕೊಟ್ಟಿದ್ದೇನೆ ಅಂದ. ನೋಟ್‌ಬುಕ್ ತೆಗೆದೆ. 'ದಸೂ' ಅಂದರೆ ಕೆಳಗೆ. ಕೆಳಗಿಳಿದು ಬಾಗಿಲು ತಟ್ಟಿದೆ. ಪಾಪ, ಸ್ನಾನ ಮಾಡುತ್ತಿದ್ದವರು ಟವೆಲ್ ಸುತ್ತಿಕೊಂಡೇ ಬಂದರು. ಪಾರ್ಸೆಲ್ ಇಲ್ಲ. ಪುಟ ತಿರುಗಿಸಿದೆ. 'ದಸೂ', ಮೇಲೆ. ಎರಡನ್ನೂ ನಾನೇ ಬರೆದಿದ್ದು, ಒಂದೇ ಥರ!

ಕೆಳಗೆ ಅನ್ನುವಾಗ ಕೊನೆಗೆ ನಮ್ಮ 'ಊ', ಬರೆಯುವಾಗ 'ಓ', 'ಯು' ಎರಡೂ. ಮೇಲೆ ಅನ್ನುವುದಕ್ಕೆ ಬರೆಯುವುದು ಬರೀ 'ಯು', ಆದರೆ ಬರುವ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ನೀವೂ ಮಾಡಿ ನೋಡಿ. 'ಈ' ಅನ್ನಿ. ನಾಲಿಗೆ ಅಲ್ಲಾಡಿಸಬೇಡಿ. ಈಗ ತುಟಿ ಮಾತ್ರ ಸೀಟಿ ಹೊಡೆಯುವ ಹಾಗೆ ಮುಂದೆ ತನ್ನಿ. ಬಂತಾ? ಅದೇ. ನೋಟ್‌ಬುಕ್‌ನಲ್ಲಿ ಈಗ ಆ ಸ್ವರಕ್ಕೆ 'ಊ' ಬರೆದು ತಲೆಯ ಮೇಲೆ ಎರಡು ಚುಕ್ಕಿ ಇಡುತ್ತೇನೆ.

ಪಾರ್ಸೆಲ್ ಮೇಲಿನ ಮನೆಯಲ್ಲೇ ಇತ್ತು. ಮಾರನೆಯ ದಿನ ಒಂದು ಚೀಟಿಯಲ್ಲಿ ಥ್ಯಾಂಕ್ಸ್ ಬರೆದು, ಕೆಳಗೆ 'ದಸೂ ಮನೆಯವಳು' ಅಂತ ಫ್ರೆಂಚಿನಲ್ಲಿ ಸಹಿ ಹಾಕಿ ಅವರ ಬಾಗಿಲಡಿ ತಳ್ಳಿದೆ. ಸಂಜೆ ಚೀಟಿ ನನ್ನ ಬಾಗಿಲಿಗೇ ವಾಪಸ್ ಬಂದಿತ್ತು, ಜೊತೆಗೆ ಎರಡು ಬಿಸ್ಕತ್ತು. ನೋಡಿ, ಇಲ್ಲಿದೆ. ನನ್ನ ನೀಲಿ ಅಕ್ಷರದ ನಡುವೆ, ಕೊನೆಯ 'ಯು'ಗೆ ಮುಂಚೆ, ಪೆನ್ಸಿಲ್‌ನಲ್ಲಿ ಒಂದು ಪುಟ್ಟ 'ಓ' ಸೇರಿಸಿದ್ದಾರೆ.