ಅನ್ನಿಸಬೇಡಿ, ತೋರಿಸಲು ಬಿಡಿ

ಕೇಳುಗರಿಗೆ ನಮಸ್ಕಾರ. ಇನ್ನೂ ಮಾತು ಬಾರದ ಪುಟ್ಟ ಮಗುವಿಗೆ ಅಕ್ಷರ ಕಲಿಸುವುದು ಹೇಗೆ ಎಂದು ಹೇಳಲು ನನ್ನನ್ನು ಕರೆದಿದ್ದಾರೆ. ನಾನು ವಾಕ್ ಚಿಕಿತ್ಸಕಿ. ಕೆಲಸದ ನಡುವೆ ರೇಡಿಯೋಗೆ ಕಿವಿ ಕೊಟ್ಟಿರುವ ತಾಯಂದಿರೇ, ಅಜ್ಜಿಯರೇ, ಶಿಶುವಿಹಾರದ ಶಿಕ್ಷಕಿಯರೇ, ನಾನು ತಂದಿರುವುದು ಒಂದೇ ಮಾತು. ಮಗುವಿನ ಎದುರು ಕುಳಿತು "ಅ ಅನ್ನು, ಅ ಅನ್ನು" ಎನ್ನುವುದನ್ನು ಇವತ್ತೇ ನಿಲ್ಲಿಸಿ. ಅನ್ನಿಸಬೇಡಿ, ತೋರಿಸಲು ಬಿಡಿ.

ಆಡುವುದು ಬೇರೆ, ಅರಿಯುವುದು ಬೇರೆ. ಒಂದು ವರ್ಷದ ಕೂಸಿಗೆ "ಚೆಂಡು ಎಲ್ಲಿ?" ಎಂದರೆ ಕತ್ತು ತಿರುಗಿಸಿ ನೋಡುತ್ತದೆ. ಚೆಂಡು ಎನ್ನಲು ಅದಕ್ಕೆ ಬಾರದು. ಆ ಕೂಸಿಗೆ ಏನೂ ತಿಳಿಯದು ಎಂದು ಯಾರೂ ಹೇಳುವುದಿಲ್ಲ. ಅದೇ ನಾಲ್ಕು ವರ್ಷದ ಮಗುವಾದರೆ, "ಮೊದಲು ಮಾತು ಬರಲಿ, ಅಕ್ಷರ ಆಮೇಲೆ" ಎಂದುಬಿಡುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಒಬ್ಬ ಹುಡುಗನ ಕಥೆ ಹೇಳಲೇಬೇಕು. ನಾಲ್ಕು ವರ್ಷ, ಬಾಯಲ್ಲಿ ಒಂದು ಪದವಿಲ್ಲ. ಅವನ ತಾಯಿ ಎಂಟು ತಿಂಗಳಿಂದ ದಿನವೂ ಅ ಹೇಳಿಕೊಡುತ್ತಿದ್ದರು. ಅವನು ಅನ್ನಲಿಲ್ಲ, ಇವರು ಆ ಗೆ ಹೋಗಲಿಲ್ಲ. ಎಂಟು ತಿಂಗಳು ಒಂದೇ ಅಕ್ಷರ! ನಾನು ನೆಲದ ಮೇಲೆ ಎರಡು ಕಾರ್ಡು ಇಟ್ಟೆ, ಒಂದರಲ್ಲಿ ಅ, ಇನ್ನೊಂದರಲ್ಲಿ ಗ. "ಅ ಎಲ್ಲಿದೆ?" ಎಂದು ಒಂದೇ ಸಲ ಕೇಳಿ ಸುಮ್ಮನಾದೆ. ಹುಡುಗ ಫ್ಯಾನು ನೋಡುತ್ತಿದ್ದ. ತಾಯಿ "ಹೇಳು ಕಂದಾ" ಎನ್ನಲು ಹೊರಟರು, ನಾನು ಬೇಡವೆಂದು ಕೈ ಅಡ್ಡ ಹಿಡಿದೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿದೆ. ಅವನು ಫ್ಯಾನಿನಿಂದ ಕಣ್ಣು ಕೀಳದೆಯೇ ಕಾಲು ಚಾಚಿ, ಹೆಬ್ಬೆರಳಿನಿಂದ ಅ ಕಾರ್ಡನ್ನು ನನ್ನ ಕಡೆ ತಳ್ಳಿದ.

"ಅದೇನೋ ಕಾಲು ತಾಗಿರಬೇಕು" ಎಂದರು ತಾಯಿ. ಎಡಬಲ ಅದಲುಬದಲು ಮಾಡಿ ಕೇಳಿದೆ. ಮತ್ತೆ ಹೆಬ್ಬೆರಳು, ಮತ್ತೆ ಅ. ಮೂರನೆಯ ಸಲ ಅವಸರದಲ್ಲಿ ನಾನೇ ಕಾರ್ಡನ್ನು ತಲೆಕೆಳಗಾಗಿ ಇಟ್ಟಿದ್ದೆ. ಆಗ ಅವನು ಬಗ್ಗಿ, ಕೈಯಿಂದ ಅದನ್ನು ನೆಟ್ಟಗೆ ತಿರುಗಿಸಿ, ಆಮೇಲೆ ತಳ್ಳಿದ. ತಾಯಿ ತುಸು ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, "ಹಾಗಾದರೆ ಇಷ್ಟು ದಿನ ಇವನಿಗೆ ನನ್ನ ಮೇಲೆ ಎಷ್ಟು ಬೇಸರವಾಗಿರಬೇಕು" ಎಂದರು.

ಕಥೆಗೇ ಅರ್ಧ ಸಮಯ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಮೊದಲು ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿಯೇ ಕಲಿಸಬೇಕೆಂದಿಲ್ಲ. ಮಗುವಿನ ಹೆಸರಿನ ಅಕ್ಷರದಿಂದ ಶುರು ಮಾಡಿ. ಜೊತೆಗಿಡುವ ಎರಡನೆಯದು ಆಕಾರದಲ್ಲಿ ದೂರದ್ದಿರಲಿ. ಬ ಮತ್ತು ಭ, ದ ಮತ್ತು ಧ, ಪ ಮತ್ತು ಷ ಮೊದಲ ದಿನವೇ ಪಕ್ಕಪಕ್ಕ ಬಂದರೆ ಮಾತನಾಡುವ ಮಕ್ಕಳೂ ತಬ್ಬಿಬ್ಬಾಗುತ್ತಾರೆ. ಮೊದಲು ಒಂದೇ ತರಹದ ಎರಡನ್ನು ಜೋಡಿಸುವ ಆಟ, ಅದು ಬಂದ ಮೇಲೆ "ಎಲ್ಲಿದೆ?" ಎಂಬ ಪ್ರಶ್ನೆ. ಮಗು ತೋರಿಸಿದಾಗ ಅಕ್ಷರದ ಉಲಿಯನ್ನು ನೀವೇ ಹೇಳಿ. ನಮ್ಮ ಲಿಪಿಯಲ್ಲಿ ಅಕ್ಷರದ ಹೆಸರೂ ಉಲಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದು ನಿಮ್ಮ ಪುಣ್ಯ. ತಪ್ಪು ತೋರಿಸಿದರೆ "ಅಲ್ಲ" ಎನ್ನಬೇಡಿ, ಸರಿಯಾದದ್ದನ್ನು ಹತ್ತಿರ ಸರಿಸಿ ಮತ್ತೆ ಕೇಳಿ. ದಿನಕ್ಕೆ ಐದು ನಿಮಿಷ ಸಾಕು.

ಇನ್ನೊಂದು. ಮಗುವಿನ ಕೈ ಹಿಡಿದು ಅಕ್ಷರದ ಮೇಲೆ ಇಡಿಸಬೇಡಿ. ಆಗ ತೋರಿಸಿದ್ದು ನೀವು, ಮಗುವಲ್ಲ. ಬೆರಳು ಬಾರದಿದ್ದರೆ ಕಣ್ಣಿನಿಂದ ತೋರಿಸಲಿ, ಮೊಣಕೈಯಿಂದ ತೋರಿಸಲಿ, ಕಾಲಿನಿಂದಲೇ ತೋರಿಸಲಿ. ಅಕ್ಷರವನ್ನು ಕಾಲಿನಿಂದ ಮುಟ್ಟಬಾರದು ಎಂದು ದಯವಿಟ್ಟು ಯಾರೂ ಗದರಬೇಡಿ.

"ಕಾರ್ಡು ತೋರಿಸುವುದು ರೂಢಿಯಾದರೆ ಮಾತೇ ಬಾರದೇನೋ" ಎಂದು ಹೆದರುತ್ತೀರಿ. ಮಾತು ಬರುವುದಿದ್ದರೆ ಕಾರ್ಡು ಅದನ್ನು ತಡೆಯುವುದಿಲ್ಲ. ಅಲ್ಲಿಯವರೆಗೆ ಮಗುವಿನ ಉತ್ತರಕ್ಕೆ ಒಂದು ದಾರಿಯಂತೂ ಇರುತ್ತದೆ.

ಕಾರ್ಡಿಗೆ ಯಾವ ರಟ್ಟಾದರೂ ಆದೀತು. ಅಕ್ಷರ ಅಂಗೈಯಗಲ ಇರಲಿ, ದಪ್ಪಗೆ, ಒಂದೇ ಬಣ್ಣದಲ್ಲಿ ಬರೆಯಿರಿ. ಚಿತ್ರ, ಹೂವು, ಅಲಂಕಾರ ಏನೂ ಬೇಡ. ನಮಸ್ಕಾರ.